ತಲಪಾಡಿ ದಾಟುವ ಮೊದಲು: ಕಾಸರಗೋಡಿನ ಸಣ್ಣ ಉದ್ದಿಮೆದಾರರಿಗೆ ಕಾನೂನಿನ ಕೈಪಿಡಿ

ಮಂಜೇಶ್ವರದಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದೂರವಿದೆ. ತನ್ನದೇ ಜಿಲ್ಲಾ ಕೇಂದ್ರವಾದ ಕಾಸರಗೋಡಿಗೆ ಅದಕ್ಕಿಂತ ಹೆಚ್ಚು. ಪೆರ್ಲದವರಿಗೆ ವಿಟ್ಲ, ಮುಳ್ಳೇರಿಯದವರಿಗೆ ಸುಳ್ಯ ಸಂತೆಗೂ ಸಾಲಕ್ಕೂ ಹತ್ತಿರದ ಊರುಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಅಡಿಕೆ, ಕೊಬ್ಬರಿ, ಎಣ್ಣೆ ಮತ್ತು ಗೇರುಬೀಜದ ಹಾದಿ ಹೆಚ್ಚು ಬದಲಾಗಲಿಲ್ಲ. ಆದರೆ ತಲಪಾಡಿಯ ಗಡಿಯ ಈಚೆ ಮನೆ, ಆಚೆ ಗಿರಾಕಿ ಇರುವ ವ್ಯಾಪಾರಿಗೆ ಕಾನೂನು ದೂರದ ಲೆಕ್ಕ ಹಿಡಿಯುವುದಿಲ್ಲ. ಕೇರಳದ ದಕ್ಷಿಣ ತುದಿಯ ಪಾರಶ್ಶಾಲೆಗೆ ಕಳುಹಿಸಿದ ಎಣ್ಣೆ ಆರು ನೂರು ಕಿಲೋಮೀಟರಿನಷ್ಟು ದೂರ ಹೋದರೂ ಅದು ರಾಜ್ಯದೊಳಗಿನ ಮಾರಾಟ. ಮಂಗಳೂರಿನ ಬದಿಯ ತೊಕ್ಕೊಟ್ಟಿಗೆ ಕಳುಹಿಸಿದ್ದು ಅಂತರರಾಜ್ಯ ಮಾರಾಟ. ಹಾಗಾಗಿ ಇಲ್ಲಿ ಉದ್ದಿಮೆ ನಡೆಸುವವರು ಪ್ರತಿಯೊಂದು ವ್ಯವಹಾರದಲ್ಲೂ ಬಿಲ್ಲು ಬರೆಯುವುದಕ್ಕೆ ಮೊದಲೇ ಇದು ಯಾವ ರಾಜ್ಯದ ವ್ಯವಹಾರ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ನಾನು ಕಂಡ ಹೆಚ್ಚಿನ ತೊಡಕುಗಳು ಈ ಪ್ರಶ್ನೆಯನ್ನು ನೋಟಿಸು ಬಂದ ನಂತರ ಕೇಳಿದ್ದರಿಂದ ಹುಟ್ಟಿದವು.

ಊರೊಳಗಿನ ಕಾಗದಗಳು

ಒಬ್ಬರೇ ಬಂಡವಾಳ ಹಾಕಿ ಒಬ್ಬರೇ ನಡೆಸುವ ಉದ್ದಿಮೆಯಾದರೆ ಏಕವ್ಯಕ್ತಿ ಒಡೆತನದಲ್ಲಿಯೇ ಆರಂಭಿಸುವುದು ಲೇಸು. ಮೊದಲ ವರ್ಷವೇ ಕಂಪನಿ ಕಟ್ಟಿ ಲೆಕ್ಕಪರಿಶೋಧಕರ ಶುಲ್ಕಕ್ಕಾಗಿ ದುಡಿಯುವ ಅಗತ್ಯ ಬಹಳ ಮಂದಿಗೆ ಇರುವುದಿಲ್ಲ. ಇಬ್ಬರು ಸೇರಿದರೆ ಮಾತ್ರ, ಅವರು ಅಣ್ಣತಮ್ಮಂದಿರೇ ಆಗಿರಲಿ, ಪಾಲುದಾರಿಕೆಯ ಪತ್ರವನ್ನು ಬರೆದು ನೋಂದಾಯಿಸಬೇಕು. ಪಾಲುದಾರಿಕೆ ನೋಂದಣಿ ಕಡ್ಡಾಯವಲ್ಲ ಎಂದು ಹೇಳುವವರ ಮಾತು ಸುಳ್ಳಲ್ಲವಾದರೂ ಅದು ಅರ್ಧ ಮಾತು. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿಯಾಗದ ಸಂಸ್ಥೆಯು ಕರಾರಿನಿಂದ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಆದರೆ ಅದರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು.

ಕಟ್ಟಡ, ಯಂತ್ರ ಮತ್ತು ಪಂಚಾಯತ್ ಲೈಸೆನ್ಸಿನ ವಿಷಯದಲ್ಲಿ ಕೇರಳದ ಉದ್ದಿಮೆದಾರರಿಗೆ ಒಂದು ಅನುಕೂಲವಿದೆ. 2019ರ ಕೇರಳ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಸೌಕರ್ಯ ಕಾಯ್ದೆಯ ಅಡಿಯಲ್ಲಿ, ಮಾಲಿನ್ಯದ ದೃಷ್ಟಿಯಿಂದ ಕೆಂಪು ವರ್ಗಕ್ಕೆ ಸೇರದ ಸಣ್ಣ ಉದ್ದಿಮೆಯವರು ಕೆ-ಸ್ವಿಫ್ಟ್ ಜಾಲತಾಣದಲ್ಲಿ ಸ್ವಯಂ ಘೋಷಣೆ ಸಲ್ಲಿಸಿ ಸ್ವೀಕೃತಿ ಪತ್ರ ಪಡೆದರೆ, ಮೂರು ವರ್ಷ ಇತರ ಅನುಮತಿಗಳಿಗಾಗಿ ಕಾಯದೆ ಕೆಲಸ ಆರಂಭಿಸಬಹುದು. ಆ ಮೂರು ವರ್ಷಗಳು ಮುಗಿದ ಮೇಲೆ ಆರು ತಿಂಗಳೊಳಗೆ ಎಲ್ಲ ಲೈಸೆನ್ಸುಗಳನ್ನೂ ಪಡೆದಿರಬೇಕು. ಗದ್ದೆಗೆ ಮಣ್ಣು ತುಂಬಿಸಿ ಷೆಡ್ಡು ಕಟ್ಟುವ ಯೋಚನೆಯಿದ್ದರೆ ಅದನ್ನು ಇಲ್ಲಿಗೇ ಬಿಡಿ. 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಗೆ ಈ ಸ್ವೀಕೃತಿ ಪತ್ರ ಉತ್ತರವಾಗುವುದಿಲ್ಲ. ಜಾಗ ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ಮೊದಲು ಗ್ರಾಮ ಕಚೇರಿಯ ದಾಖಲೆಯಲ್ಲಿ ಅದರ ವರ್ಗ ಏನೆಂದು ನೋಡಿಕೊಳ್ಳುವುದು ಯಂತ್ರದ ಬೆಲೆ ವಿಚಾರಿಸುವುದಕ್ಕಿಂತ ಮೊದಲಿನ ಕೆಲಸ.

ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಯನ್ನು ಆಧಾರ್ ಸಂಖ್ಯೆಯ ಮೂಲಕ ಉಚಿತವಾಗಿ ಮಾಡಿಕೊಳ್ಳಬಹುದು. ಸರ್ಕಾರಿ ತಾಣವನ್ನೇ ಹೋಲುವ ಖಾಸಗಿ ತಾಣಗಳು ಇದಕ್ಕೆ ಸಾವಿರಾರು ರೂಪಾಯಿ ಕೇಳುತ್ತವೆ, ಕೊಡಬೇಡಿ. ಹತ್ತಿರದ ಅಕ್ಷಯ ಕೇಂದ್ರದಲ್ಲಿ ಅವರ ಸೇವಾಶುಲ್ಕವನ್ನಷ್ಟೇ ಕೊಟ್ಟು ಮಾಡಿಸಬಹುದು, ಸಂದೇಹವಿದ್ದರೆ ವಿದ್ಯಾನಗರದಲ್ಲಿರುವ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬಹುದು. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಉದ್ದಿಮೆಯನ್ನು ಸೂಕ್ಷ್ಮ ಉದ್ದಿಮೆ ಎಂದು ಪರಿಗಣಿಸಲಾಗುತ್ತದೆ. ನಮ್ಮಲ್ಲಿನ ಬಹುತೇಕರು ಅದರೊಳಗೇ ಇದ್ದಾರೆ. ಈ ನೋಂದಣಿ ಸಾಲಕ್ಕೆ ಮಾತ್ರ ಬೇಕಾದದ್ದೆಂಬ ಭಾವನೆ ಇದೆ. ಬಾಕಿ ವಸೂಲಿಗೆ ಅದು ಎಷ್ಟು ದೊಡ್ಡ ಆಯುಧವೆಂಬುದನ್ನು ಮುಂದೆ ಹೇಳುತ್ತೇನೆ.

ನಲುವತ್ತು ಲಕ್ಷದ ಭ್ರಮೆ

ವರ್ಷಕ್ಕೆ 40 ಲಕ್ಷ ರೂಪಾಯಿಯ ಒಳಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ಮಾತು ಬದಿಯಡ್ಕ ಪೇಟೆಯ ಪ್ರತಿ ಅಂಗಡಿಯಲ್ಲೂ ಕೇಳಿಬರುತ್ತದೆ. ಕೇರಳದೊಳಗೆ ಮಾತ್ರ ಮಾರುವವರಿಗೆ ಕೆಲವು ಸರಕುಗಳ ಹೊರತು ಅದು ಸರಿಯಾದ ಮಾತು. ಆದರೆ ಜಿಎಸ್‌ಟಿ ಕಾಯ್ದೆಯ 24ನೇ ಕಲಮಿನ ಪ್ರಕಾರ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರು ಮೊದಲ ರೂಪಾಯಿಯಿಂದಲೇ ನೋಂದಣಿ ಮಾಡಿಸಬೇಕು. ಬದಿಯಡ್ಕದ ಮಿಲ್ಲಿನವರು ತಿಂಗಳಿಗೆ ಹತ್ತು ಡಬ್ಬ ತೆಂಗಿನೆಣ್ಣೆಯನ್ನು ಪುತ್ತೂರಿನ ಅಂಗಡಿಗೆ ಕೊಟ್ಟರೂ ಸಾಕು, 40 ಲಕ್ಷದ ಮಿತಿ ಅವರ ಪಾಲಿಗೆ ಇಲ್ಲ. ಮಾರಾಟ ಸಣ್ಣದೆಂಬ ಸಮಜಾಯಿಷಿಗೆ ಇಲ್ಲಿ ಬೆಲೆಯಿಲ್ಲ.

ಇದಕ್ಕೆ ಮೂರು ವಿನಾಯಿತಿಗಳನ್ನು ನಮ್ಮವರು ತಿಳಿದಿರಬೇಕು. ಪೂರ್ತಿಯಾಗಿ ತೆರಿಗೆರಹಿತವಾದ ಸರಕನ್ನು, ಉದಾಹರಣೆಗೆ ಹಪ್ಪಳವನ್ನು ಮಾತ್ರ, ಮಾರುವವರಿಗೆ ನೋಂದಣಿ ಬೇಡ. ಆದರೆ ಅದೇ ಮನೆಯವರು ಹಪ್ಪಳದ ಜೊತೆಗೆ ತೆರಿಗೆ ಇರುವ ಬೇರೆ ತಿನಿಸನ್ನೂ ಗಡಿಯಾಚೆ ಕಳುಹಿಸಿದರೆ ಬೇಕಾಗುತ್ತದೆ. ಸೇವೆ ಒದಗಿಸುವವರು, ಎಂದರೆ ಫೋಟೋ ತೆಗೆಯುವವರು, ಲೆಕ್ಕ ಬರೆಯುವವರು, ಕಂಪ್ಯೂಟರ್ ಕೆಲಸ ಮಾಡಿಕೊಡುವವರು, ಗಿರಾಕಿ ಮಂಗಳೂರಿನವರಾದರೂ ವರ್ಷದ ವಹಿವಾಟು 20 ಲಕ್ಷ ಮೀರುವ ತನಕ ನೋಂದಣಿ ಇಲ್ಲದೆ ಕೆಲಸ ಮಾಡಬಹುದು. ಮೂರನೆಯದು ಕೃಷಿಕರಿಗೆ ಸಂಬಂಧಿಸಿದ್ದು; ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಸ್ವಂತ ದುಡಿಮೆಯಿಂದಲೋ, ಮನೆಯವರಿಂದಲೋ, ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳಿಂದಲೋ ಬೆಳೆದ ಫಸಲನ್ನು ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿಯ ಬಾಧ್ಯತೆ ಇಲ್ಲ. ತನ್ನ ತೋಟದ ಚಾಲಿಯನ್ನು, ಎಂದರೆ ಒಣ ಅಡಿಕೆಯನ್ನು, ಆತ ಕಾಸರಗೋಡಿನಲ್ಲಿ ಮಾರಲಿ, ವಿಟ್ಲದಲ್ಲಿ ಮಾರಲಿ, 1973ರಲ್ಲಿ ಎರಡೂ ರಾಜ್ಯಗಳ ಬೆಳೆಗಾರರಿಗಾಗಿಯೇ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹಾಕಲಿ, ಆತ ಕೃಷಿಕನೇ. ಆದರೆ ನೆರೆಯ ಇಬ್ಬರ ಅಡಿಕೆಯನ್ನು ನಗದು ಕೊಟ್ಟು ಕೊಂಡು, ತನ್ನದರ ಜೊತೆಗೆ ಸೇರಿಸಿ ಪಿಕಪ್‌ನಲ್ಲಿ ವಿಟ್ಲಕ್ಕೆ ಒಯ್ದ ದಿನ ಆತ ವ್ಯಾಪಾರಿಯಾಗುತ್ತಾನೆ. ಒಣ ಅಡಿಕೆಗೆ 5 ಶೇಕಡಾ ತೆರಿಗೆ ಇರುವುದರಿಂದ ಅಂತರರಾಜ್ಯ ವ್ಯಾಪಾರಿಯಾಗಿ ನೋಂದಣಿ ಇಲ್ಲದೆ ಸಿಕ್ಕಿಬೀಳುತ್ತಾನೆ. ನೆರೆಯವರಿಗೆ ಉಪಕಾರ ಮಾಡಲು ಹೊರಟು ಹೀಗಾದವರಿದ್ದಾರೆ. ನೆರೆಯವರ ಅಡಿಕೆಯನ್ನು ಒಯ್ಯಲೇಬೇಕಾದರೆ ಅವರವರ ಹೆಸರಿನಲ್ಲಿ ಬೇರೆ ಬೇರೆ ಚೀಟಿ ಇರಲಿ, ಹಣವೂ ಅವರವರ ಖಾತೆಗೇ ಬೀಳಲಿ. ಗೇರುಬೀಜದ್ದು ಇನ್ನೊಂದು ಬಗೆ: ಸಿಪ್ಪೆ ತೆಗೆಯದ ಗೇರುಬೀಜವನ್ನು ಕೃಷಿಕನಿಂದ ನೋಂದಾಯಿತ ವ್ಯಾಪಾರಿ ಕೊಂಡಾಗ ತೆರಿಗೆ ಕಟ್ಟುವ ಹೊಣೆ ಕೊಂಡವನದ್ದೇ ಆಗಿರುತ್ತದೆ. ಮಾರಿದವರ ಬಿಲ್ಲಿನಲ್ಲಿ ತೆರಿಗೆ ಇಲ್ಲವೆಂದು ಸುಮ್ಮನಿರುವ ಗೇರುಬೀಜದ ವ್ಯಾಪಾರಿ ವರ್ಷದ ಕೊನೆಗೆ ಬಡ್ಡಿಸಮೇತ ಕಟ್ಟಬೇಕಾಗುತ್ತದೆ.

ಜಿಎಸ್‌ಟಿಯಲ್ಲಿ ಸಣ್ಣವರಿಗಾಗಿ ಇರುವ ಸರಳ ತೆರಿಗೆಯ ಕಂಪೊಸಿಷನ್ ಯೋಜನೆ ಗಡಿನಾಡಿನವರಿಗೆ ಆಕರ್ಷಕವಾಗಿ ಕಾಣುತ್ತದೆ. ವರ್ಷಕ್ಕೆ 1.5 ಕೋಟಿಯ ತನಕ ವಹಿವಾಟು ಇರುವ ವ್ಯಾಪಾರಿ ಮತ್ತು ತಯಾರಕರು 1 ಶೇಕಡಾ, ಹೋಟೆಲಿನವರು 5 ಶೇಕಡಾ ಕಟ್ಟಿದರೆ ಸಾಕು, ಲೆಕ್ಕವೂ ಸರಳ. ಮಂಗಳೂರಿನ ಬಂದರಿನ ಸಗಟು ಅಂಗಡಿಯಿಂದ ಸಾಮಾನು ತಂದು ಉಪ್ಪಳದಲ್ಲಿ ಚಿಲ್ಲರೆ ಮಾರುವವರಿಗೆ ಇದು ಒಪ್ಪುವ ಯೋಜನೆ, ಏಕೆಂದರೆ ಹೊರರಾಜ್ಯದಿಂದ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಹೊರರಾಜ್ಯಕ್ಕೆ ಸರಕು ಮಾರುವುದಕ್ಕೆ ಮಾತ್ರ ಪೂರ್ತಿ ತಡೆಯಿದೆ. ಒಂದು ಬಿಲ್ಲು ತಲಪಾಡಿ ದಾಟಿದರೂ ಯೋಜನೆಯ ಅರ್ಹತೆ ಹೋಗುತ್ತದೆ. ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಕೊಂಡ ಸರಕಿನ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆದು ತಾವು ಕಟ್ಟುವ ತೆರಿಗೆಯಿಂದ ಕಳೆಯುವಂತೆಯೂ ಇಲ್ಲ. ಗಿರಾಕಿಗಳಲ್ಲಿ ನೋಂದಾಯಿತ ಅಂಗಡಿಗಳೇ ಹೆಚ್ಚಿದ್ದರೆ ಅವರು ಜಮೆ ಸಿಗುವ ಬಿಲ್ಲನ್ನೇ ಕೇಳುತ್ತಾರೆ. ಅಂಥವರಿಗೆ ಸಾಮಾನ್ಯ ನೋಂದಣಿಯೇ ಸರಿ.

ಸಾಮಾನ್ಯ ನೋಂದಣಿ ಇರುವವರು ಬಿಲ್ಲು ಬರೆಯುವಾಗ ಗಿರಾಕಿಯ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. 32 ಎಂದರೆ ಕೇರಳ, 29 ಎಂದರೆ ಕರ್ನಾಟಕ. ಕರ್ನಾಟಕದ ಅಂಗಡಿಗೆ ಸರಕು ಕಳುಹಿಸಿದಾಗ 5 ಶೇಕಡಾ ತೆರಿಗೆಯನ್ನು ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಎಂದು ಒಂದೇ ಸಾಲಿನಲ್ಲಿ ಬರೆಯಬೇಕು. ಕೇರಳದೊಳಗಾದರೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಒಡೆಯಬೇಕು. ನಾನು ಮೊದಲು ಲೆಕ್ಕ ಬರೆಯತೊಡಗಿದಾಗ ಕಂಪ್ಯೂಟರಿನ ಹಳೆಯ ಬಿಲ್ಲನ್ನೇ ನಕಲು ಮಾಡಿ ಮಂಗಳೂರಿನ ಗಿರಾಕಿಗೆ ತೆರಿಗೆಯನ್ನು ಒಡೆದು ಬರೆದಿದ್ದೆ. ಹೀಗೆ ತಪ್ಪು ಖಾತೆಗೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯಲು ಕಾನೂನಿನಲ್ಲಿ ದಾರಿಯಿದೆ, ಬಡ್ಡಿಯೂ ಬೀಳುವುದಿಲ್ಲ. ಆದರೆ ಮೊದಲು ಸರಿಯಾದ ಖಾತೆಗೆ ಮತ್ತೊಮ್ಮೆ ಪೂರ್ತಿ ಕಟ್ಟಬೇಕು, ಮರುಪಾವತಿ ಬರುವ ತನಕ ಅಷ್ಟು ದುಡ್ಡು ಕೈಯಲ್ಲಿರುವುದಿಲ್ಲ. ಸಣ್ಣ ವ್ಯಾಪಾರಿಗೆ ಅದೇ ದೊಡ್ಡ ದಂಡ. ಇನ್ನು, ನೋಂದಣಿ ಇಲ್ಲದ ಗಿರಾಕಿ ಮಂಗಳೂರಿನಿಂದ ಬಂದು ಹೊಸಂಗಡಿಯ ನಿಮ್ಮ ಅಂಗಡಿಯಲ್ಲಿ ಕೊಂಡು ಹೋದರೆ, ಬಿಲ್ಲಿನಲ್ಲಿ ಅವರ ವಿಳಾಸ ಬರೆಯದಿದ್ದಲ್ಲಿ ಅದು ನಿಮ್ಮ ರಾಜ್ಯದ ಮಾರಾಟವಾಗುತ್ತದೆ. ಅವರ ರಾಜ್ಯದ ವಿಳಾಸ ಬರೆದರೆ ಅದು ಅಂತರರಾಜ್ಯ ಮಾರಾಟ. 2023ರ ಅಕ್ಟೋಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ.

ವಾಹನ ಹೊರಡುವ ಮೊದಲು

2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ತಪಾಸಣಾ ಕೇಂದ್ರಗಳು ಮುಚ್ಚಿದವು. ಇನ್ನು ತಪಾಸಣೆಯೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಈಗ ಸಂಚಾರಿ ದಳದವರು ರಾಷ್ಟ್ರೀಯ ಹೆದ್ದಾರಿ 66ರಲ್ಲಿಯೂ ನಿಲ್ಲಿಸಬಹುದು, ಪೆರ್ಲ–ಅಡ್ಯನಡ್ಕದ ಒಳರಸ್ತೆಯಲ್ಲಿಯೂ ನಿಲ್ಲಿಸಬಹುದು.

ಒಂದು ಬಾರಿಯ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಎಂದರೆ ಸರಕು ಹೊರಡುವ ಮೊದಲು ಜಾಲತಾಣದಲ್ಲಿ ಮಾಡಿಕೊಳ್ಳುವ ಸಾಗಣೆ ಪತ್ರ, ಬೇಕು. ಇಲ್ಲಿ ಮೌಲ್ಯವೆಂದರೆ ತೆರಿಗೆ ಸೇರಿದ ಮೊತ್ತ ಎಂಬುದನ್ನು ಮರೆಯುವವರು ಹಲವರು. 48,000 ರೂಪಾಯಿಯ ತೆಂಗಿನೆಣ್ಣೆಗೆ 2,400 ತೆರಿಗೆ ಸೇರಿದರೆ 50,400 ಆಗುತ್ತದೆ. ಇ-ವೇ ಬಿಲ್ ಇಲ್ಲದೆ ಹೊರಟ ಆ ಪಿಕಪ್ ತಪ್ಪಿನಲ್ಲಿದೆ. ಹತ್ತಿರದ ಊರಾದರೆ ವಾಹನದ ಸಂಖ್ಯೆ ತುಂಬಬೇಕಾಗಿಲ್ಲ ಎಂಬ ಮಾತೂ ಚಾಲ್ತಿಯಲ್ಲಿದೆ. 50 ಕಿಲೋಮೀಟರಿನ ಆ ರಿಯಾಯಿತಿ ರಾಜ್ಯದೊಳಗೆ, ಅದೂ ಸಾಗಣೆದಾರರ ಗೋದಾಮಿಗೆ ಒಯ್ಯುವಾಗ ಮಾತ್ರ ಅನ್ವಯಿಸುತ್ತದೆ. ಮಂಜೇಶ್ವರದಿಂದ ತೊಕ್ಕೊಟ್ಟಿಗೆ ಹೋಗುವ ರಿಕ್ಷಾ ಟೆಂಪೊಗೂ ವಾಹನದ ಸಂಖ್ಯೆ ಬರೆಯುವ ಎರಡನೆಯ ಭಾಗವನ್ನು ತುಂಬಲೇಬೇಕು, ದಾರಿಯಲ್ಲಿ ವಾಹನ ಕೆಟ್ಟು ಬೇರೆ ವಾಹನಕ್ಕೆ ಸರಕು ಏರಿಸಿದರೆ ಹೊಸ ಸಂಖ್ಯೆಯನ್ನೂ ಸೇರಿಸಬೇಕು. ಸಿಕ್ಕಿಬಿದ್ದಾಗ ಸರಕಿನ ಒಡೆಯರು ಮುಂದೆ ಬಂದರೆ ದಂಡ ಆ ತೆರಿಗೆಯ ಎರಡು ಪಟ್ಟು: ಮೇಲಿನ ಲೆಕ್ಕದಲ್ಲಿ 4,800 ರೂಪಾಯಿ. ಯಾರೂ ಒಡೆತನ ಒಪ್ಪದಿದ್ದರೆ ದಂಡ ಸರಕಿನ ಮೌಲ್ಯದ ಆಧಾರದಲ್ಲಿ ಏರುತ್ತದೆ. ಚಾಲಕನ ಮೇಲೆ ಹೊಣೆ ಹೊರಿಸಿ ಫೋನ್ ಆಫ್ ಮಾಡುವ ಜಾಣತನ ಇದರಿಂದಾಗಿ ದುಬಾರಿ.

ಮಾಲು ಏರಿಸುವ ಮತ್ತು ಇಳಿಸುವ ಕೂಲಿಯ ಬಗ್ಗೆ ಒಂದು ಮಾತು. ಕೆಲಸ ಮಾಡದೆ ನೋಡಿ ನಿಂತದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು ಕೇರಳ ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ. ಅದನ್ನು ಕೇಳಿದರೆ ಕಾರ್ಮಿಕ ಇಲಾಖೆಗೆ ಲಿಖಿತವಾಗಿ ದೂರು ಕೊಡಬಹುದು. ಆದರೆ ನ್ಯಾಯವಾಗಿ ಕೆಲಸ ಮಾಡಿದ ಕಾರ್ಮಿಕರ ನಿಗದಿತ ಕೂಲಿಯೊಡನೆ ಇದನ್ನು ಬೆರೆಸಿ ಜಗಳ ತೆಗೆಯಬಾರದು.

ಮಂಗಳೂರಿನಲ್ಲಿ ಗೋದಾಮು

ವ್ಯಾಪಾರ ಸ್ವಲ್ಪ ಕುದುರಿದೊಡನೆ ಮಂಗಳೂರಿನಲ್ಲಿ ಒಂದು ಕೋಣೆ ಹಿಡಿಯುವ ಆಸೆ ಬರುತ್ತದೆ. ಅಲ್ಲಿ ಸರಕು ಇಟ್ಟು ಮಾರುವುದಾದರೆ ಕರ್ನಾಟಕದಲ್ಲಿ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಬೇಕು, ಅದರ ರಿಟರ್ನ್‌ಗಳು ಬೇರೆ. ಪ್ಯಾನ್ ಒಂದೇ ಆದರೂ ಈ ಎರಡು ನೋಂದಣಿಗಳನ್ನು ಕಾನೂನು ಇಬ್ಬರು ವ್ಯಕ್ತಿಗಳಂತೆ ನೋಡುತ್ತದೆ. ಕುಂಬಳೆಯ ನಿಮ್ಮದೇ ಮಿಲ್ಲಿನಿಂದ ಮಂಗಳೂರಿನ ನಿಮ್ಮದೇ ಗೋದಾಮಿಗೆ, ಒಂದು ಪೈಸೆ ಕೈ ಬದಲಾಗದೆ ಹೋದ ಎಣ್ಣೆಗೂ ಬಿಲ್ಲು ಬರೆದು ಐಜಿಎಸ್‌ಟಿ ಕಟ್ಟಬೇಕು. ಅದು ಆಚೆಯ ನೋಂದಣಿಯಲ್ಲಿ ಜಮೆಯಾಗಿ ಸಿಗುವುದರಿಂದ ನಷ್ಟವಿಲ್ಲವಾದರೂ ಬಂಡವಾಳ ಅಷ್ಟು ದಿನ ಸಿಕ್ಕಿಕೊಳ್ಳುತ್ತದೆ. ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅಥವಾ ನೋಂದಣಿಯೂ ಪ್ರತಿ ಸ್ಥಳಕ್ಕೆ ಬೇರೆಯದೇ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಕೇರಳದ್ದು 1960ರದ್ದು. ಎರಡರಲ್ಲೂ ನೋಂದಣಿ ಮಾಡಿಸಬೇಕು. ವೃತ್ತಿ ತೆರಿಗೆಯನ್ನು ಕೇರಳದಲ್ಲಿ ಸ್ಥಳೀಯ ಸಂಸ್ಥೆಗೆ, ಕರ್ನಾಟಕದಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಕಟ್ಟಬೇಕು. ಅಂಗಡಿಯ ಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕೆಂಬ ಕರ್ನಾಟಕದ ನಿಯಮ ನಮ್ಮವರಿಗೆ ಭಾರವಾಗಲಾರದು. ನನ್ನ ಅಭಿಪ್ರಾಯದಲ್ಲಿ ಮಂಗಳೂರಿನ ಗಿರಾಕಿಗಳು ಕೆಲವರೇ ಇರುವ ತನಕ ಈಚೆಯಿಂದಲೇ ಬಿಲ್ಲು ಮಾಡಿ ಕಳುಹಿಸುವುದು ಕಡಿಮೆ ಖರ್ಚಿನ ದಾರಿ.

ಡಬ್ಬದ ಮೇಲಿನ ಚೀಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ಚೆಂದ, ಆದರೆ ಆಹಾರದ ಪೊಟ್ಟಣದ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇರಲೇಬೇಕು. ಕನ್ನಡ ಅದರ ಜೊತೆಗೆ ಬರಬಹುದು. ಚೀಟಿಯ ಮೇಲಿನ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದರೆ ರಕ್ಷಣೆ ಇಡೀ ದೇಶಕ್ಕೆ ಅನ್ವಯಿಸುತ್ತದೆ, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಪಂಚಾಯತ್ ಲೈಸೆನ್ಸಿನಲ್ಲಿ ಬರೆದ ಹೆಸರಿಗೆ ಅಂಥ ರಕ್ಷಣೆಯಿಲ್ಲ.

ಬಾಕಿ ಬಾರದಿದ್ದರೆ

ಗಡಿನಾಡಿನ ಸಾಲದ ವ್ಯಾಪಾರ ನೆಂಟಸ್ತಿಕೆಯ ಮೇಲೆ ನಡೆಯುತ್ತದೆ, ಬಾಕಿ ನಿಂತಾಗ ಮಾತ್ರ ಗಿರಾಕಿ ಬೇರೆ ರಾಜ್ಯದವರೆಂಬುದು ನೆನಪಾಗುತ್ತದೆ. ಪ್ರತಿ ದೊಡ್ಡ ಗಿರಾಕಿಯೊಡನೆ ಒಂದು ಪುಟದ ಕರಾರಾದರೂ ಇರಲಿ: ದರ, ಪಾವತಿಯ ದಿನ, ಸರಕು ಕೆಟ್ಟಿದ್ದರೆ ಎಷ್ಟು ದಿನದೊಳಗೆ ಹೇಳಬೇಕು, ವ್ಯಾಜ್ಯವಾದರೆ ಕಾಸರಗೋಡಿನ ನ್ಯಾಯಾಲಯ. ಈ ಕೊನೆಯ ಸಾಲು ಇಲ್ಲದಿದ್ದರೆ ಯಾವ ಊರಿನಲ್ಲಿ ದಾವೆ ಹೂಡಬೇಕೆಂಬುದೇ ಮೊದಲ ವ್ಯಾಜ್ಯವಾಗಬಹುದು. ಬಾಕಿಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿಯಿದೆ. ಆ ಅವಧಿ ಮುಗಿಯುವುದರೊಳಗೆ ಬಾಕಿ ಇರುವುದು ನಿಜವೆಂದು ಗಿರಾಕಿ ಸಹಿ ಮಾಡಿಕೊಟ್ಟರೆ ಅಂದಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ವರ್ಷಕ್ಕೊಮ್ಮೆ ಲೆಕ್ಕದ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಹಳೆಯ ಶೆಟ್ಟರ ಪದ್ಧತಿ ಕಾನೂನಿಗೂ ಒಪ್ಪುವಂಥದ್ದು.

ಚೆಕ್ಕು ಪಡೆದರೆ ನಿಮ್ಮ ಖಾತೆ ಎಲ್ಲಿದೆ ಎಂಬುದು ಮುಖ್ಯ. 2015ರ ತಿದ್ದುಪಡಿಯ ಪ್ರಕಾರ ಚೆಕ್ ಬೌನ್ಸ್ ಪ್ರಕರಣ ನಡೆಯುವುದು ಹಣ ಪಡೆಯಬೇಕಾದವರ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ. ಖಾತೆ ಕುಂಬಳೆಯಲ್ಲಿದ್ದರೆ ಮಂಗಳೂರಿನ ಗಿರಾಕಿಯೇ ಈಚೆಗೆ ಬರಬೇಕು. ಚೆಕ್ಕನ್ನು ಬರೆದ ದಿನದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು, ಹಿಂತಿರುಗಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಕಳುಹಿಸಬೇಕು, ನೋಟಿಸು ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. "ನಾಳೆ ಕೊಡುತ್ತೇನೆ ಅಣ್ಣಾ" ಎಂಬ ಮಾತಿಗೆ ಮರುಳಾಗಿ 30 ದಿನ ಕಳೆದುಕೊಂಡವರನ್ನು ನಾನು ಹಲವು ಸಲ ಕಂಡಿದ್ದೇನೆ.

ಸರಕು ತಯಾರಿಸುವವರಿಗೆ ಮತ್ತು ಸೇವೆ ನೀಡುವವರಿಗೆ ಇದಕ್ಕಿಂತ ಬಲವಾದ ದಾರಿ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯಲ್ಲಿದೆ. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಕೊಂಡವರು ಕರಾರು ಇಲ್ಲದಿದ್ದರೆ 15 ದಿನಗಳಲ್ಲಿ, ಕರಾರು ಇದ್ದರೂ 45 ದಿನಗಳೊಳಗೆ ಹಣ ಕೊಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ತೆರಬೇಕು. ದೂರನ್ನು ಈ ಕಾಯ್ದೆಯಡಿಯ ಸೌಕರ್ಯ ಮಂಡಳಿಗೆ ಸಲ್ಲಿಸಬೇಕು, ಅದೂ ಸರಕು ಕೊಟ್ಟವರಿರುವ ರಾಜ್ಯದಲ್ಲಿ. ಕೊಂಡವರು ದೇಶದ ಯಾವ ಮೂಲೆಯಲ್ಲಿದ್ದರೂ ಕೇರಳದ ಮಂಡಳಿಗೆ ಅಧಿಕಾರವಿದೆ. ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಂಡವರು ಮೊತ್ತದ 75 ಶೇಕಡಾ ಠೇವಣಿ ಇಡಬೇಕು. ಗಡಿಯಾಚೆಯ ಬಾಕಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ನಾನು ಕಾಣೆ. ಆದರೆ ಸರಕು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು, ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಬೇಕು. ಬರೇ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಗುವುದಾದರೂ ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಈ ಬಡ್ಡಿಯ ಹಕ್ಕು ಅವರಿಗಿಲ್ಲ.

ಯಾವ ಭಾಷೆಯಲ್ಲಿ ಬರೆಯಬೇಕು

ಸಂವಿಧಾನದ 350ನೇ ವಿಧಿಯು ಯಾವುದೇ ಅಧಿಕಾರಿಗೆ ತನ್ನ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಪತ್ರವ್ಯವಹಾರವನ್ನು ಅವರ ಭಾಷೆಯಲ್ಲೇ ಒಪ್ಪಿಕೊಂಡಿತ್ತು. ಹಾಗಾಗಿ ಪಂಚಾಯತ್ತಿಗೂ ಕೈಗಾರಿಕಾ ಕಚೇರಿಗೂ ಕನ್ನಡದಲ್ಲಿ ಅರ್ಜಿ ಬರೆಯಲು ಹಿಂಜರಿಯಬೇಕಾಗಿಲ್ಲ. ಜಿಎಸ್‌ಟಿಯ ನೋಟಿಸಿಗೆ ಮಾತ್ರ ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡಿಸುವುದು ಜಾಣತನ, ಏಕೆಂದರೆ ಅಲ್ಲಿ ದಿನಗಳ ಲೆಕ್ಕವಿದೆ. ಮಲಯಾಳದಲ್ಲಿ ಬರೆದ ಬಾಡಿಗೆ ಪತ್ರವನ್ನೋ ಸಾಲದ ಪತ್ರವನ್ನೋ ಓದಲು ಬಾರದಿದ್ದರೆ ಬಲ್ಲವರಿಂದ ಸಾಲು ಸಾಲಾಗಿ ಓದಿಸಿ, ಮುಖ್ಯ ಷರತ್ತುಗಳನ್ನು ಕನ್ನಡದಲ್ಲಿ ಬರೆಸಿಕೊಂಡು, ಅದಕ್ಕೂ ಎದುರು ಪಕ್ಷದವರ ಸಹಿ ಪಡೆದ ಬಳಿಕವೇ ನಿಮ್ಮ ಸಹಿ ಹಾಕಿ.